ಪರದೆಯ ಹಿಂದಿನ ಕಿವಿ

ಅಟ್ಟದ ಮೇಲಿನ ತಗಡಿನ ಟ್ರಂಕಿನಲ್ಲಿ ಏನಿದೆ ಎಂದು ನೀವು ರಜೆಗೆ ಬಂದಾಗಲೆಲ್ಲ ಕೇಳುತ್ತೀರಿ. "ನಿಮ್ಮಜ್ಜನ ಸಾಮಾನು" ಎಂದಷ್ಟೇ ಹೇಳಿ ನಾನು ಒಳಗೆ ಹೋಗಿಬಿಡುತ್ತೇನೆ. ಬಾಯಿಬಿಟ್ಟು ಹೇಳುವುದು ನನಗೆ ಬಾರದು. ನಾಲ್ಕು ಜನ ನನ್ನ ಕಡೆ ನೋಡಿದರೆ ಈಗಲೂ ನಾಲಿಗೆ ಒಣಗುತ್ತದೆ. ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರವಿದೆ. ಅದನ್ನು ನಂಬಿಕೊಂಡು ಬರೆಯುತ್ತಿದ್ದೇನೆ.

ಟ್ರಂಕಿನಲ್ಲಿರುವುದು ಮೂರು ಕಂಪ್ಯೂಟರು. ನೀವು ಕಂಡಂಥವಲ್ಲ. ದಪ್ಪ ಕೀಲಿಮಣೆಯ ಹೊಟ್ಟೆಯೊಳಗೇ ಎಲ್ಲವೂ ಇರುತ್ತಿತ್ತು. ಟಿ.ವಿ.ಗೆ ತಂತಿ ಸಿಕ್ಕಿಸಿದರೆ ಅಕ್ಷರ ಮೂಡುತ್ತಿತ್ತು. ಒಂದು ಶಾಲೆಯವರು ಗುಜರಿಗೆ ಹಾಕಿದ್ದನ್ನು ನಿಮ್ಮಜ್ಜ ಗೋಣಿಚೀಲದಲ್ಲಿ ಕಟ್ಟಿಸಿಕೊಂಡು ಬಂದಿದ್ದರು. ಆ ಹೊತ್ತಿಗಾಗಲೇ ಲಾರಿ ತೂಕ ಮಾಡುವ ಜಾಗದಲ್ಲೆಲ್ಲ ಹೊಸ ಕಂಪ್ಯೂಟರು ಬಂದಿದ್ದವು. ಇವನ್ನು ನೋಡಿದವರು ನಗುತ್ತಿದ್ದರು. ನಗಲಿ ಬಿಡು ಎಂದು ಅವರು ಸುಟ್ಟುಹೋದ ಬಿಡಿಭಾಗಗಳನ್ನು ಬೆಸುಗೆ ಬಿಡಿಸಿ ತೆಗೆದು, ಹೊಸದು ಹಾಕಿ, ಒಂದೊಂದನ್ನೇ ಎಬ್ಬಿಸಿ ಕೂರಿಸಿದರು.

ಆ ಯಂತ್ರಗಳಿಗೆ ಒಂದು ಗುಣವಿತ್ತು. ಆರಿಸಿದರೆ ಎಲ್ಲ ಮರೆತುಬಿಡುತ್ತಿದ್ದವು. ಮತ್ತೆ ಕೆಲಸ ಮಾಡಬೇಕಾದರೆ ಕ್ಯಾಸೆಟ್ಟಿನಿಂದ ಕಲಿಸಬೇಕು. ಹಾಡಿನ ಕ್ಯಾಸೆಟ್ಟುಗಳೇ ಅವು. ಟೇಪ್ ರೆಕಾರ್ಡರಿಗೆ ಹಾಕಿದರೆ ಹಾಡಿನ ಬದಲು ಮಿಡತೆಗಳು ಒಟ್ಟಿಗೆ ಕಿರಿಚಿದಂತೆ ಸದ್ದು. ನಮಗೆ ಅದು ಕಿರಿಚಾಟ, ಯಂತ್ರಕ್ಕೆ ಅದೇ ಪಾಠ. ಸದ್ದು ಸ್ವಲ್ಪ ಮಂಕಾದರೂ ಯಂತ್ರ ಒಪ್ಪುತ್ತಿರಲಿಲ್ಲ. ಟೇಪನ್ನು ಹಿಂದಕ್ಕೆ ಸುತ್ತು ಎಂದು ಇಂಗ್ಲಿಷಿನಲ್ಲಿ ತೋರಿಸುತ್ತಿತ್ತು. ನಾನು ಮೊದಲು ಕಲಿತ ಇಂಗ್ಲಿಷ್ ಮಾತು ಅದೇ.

ಒಬ್ಬೊಬ್ಬರು ಒಂದೊಂದು ಟೇಪ್ ರೆಕಾರ್ಡರಿನಲ್ಲಿ ತುಂಬಿಸಿದ ಕ್ಯಾಸೆಟ್ಟುಗಳು. ನಮ್ಮದರಲ್ಲಿ ಸರಿಯಾಗಿ ಓದಿಸಬೇಕಾದರೆ ಅದರ ಒಳಗಿನ ಪುಟ್ಟ ತಿರುಪೊಂದನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಬೇಕು. ತಿರುಗಿಸುತ್ತಾ ಹೋದಂತೆ ಕಂಬಳಿಯೊಳಗಿಂದ ಬಂದಂತಿದ್ದ ಸದ್ದು ಒಂದು ಕಡೆ ಥಟ್ಟನೆ ಚೂಪಾಗುತ್ತದೆ. ಅಲ್ಲಿಗೆ ಕೈ ನಿಲ್ಲಿಸಬೇಕು. ಇದಕ್ಕೆ ಬೇಕಾದದ್ದು ಕಿವಿ.

ನಿಮ್ಮಜ್ಜನಿಗೆ ಆ ಕಿವಿ ಇರಲಿಲ್ಲ. ನಾವು ಆಗ ಸಂಡೂರು ಕಡೆಯ ಯಶವಂತನಗರದಲ್ಲಿದ್ದೆವು. ಅವರು ಗಣಿಯ ಕ್ರಷರಿನಲ್ಲಿ, ಅದಿರಿನ ಕಲ್ಲು ಪುಡಿ ಮಾಡುವ ಯಂತ್ರದ ಪಕ್ಕದಲ್ಲಿ, ಎಲೆಕ್ಟ್ರಿಷಿಯನ್. ಅಷ್ಟು ವರ್ಷದ ಗದ್ದಲ ಅವರ ಕಿವಿಯಿಂದ ಸಣ್ಣ ದನಿಗಳನ್ನೆಲ್ಲ ತೆಗೆದುಕೊಂಡು ಹೋಗಿತ್ತು. ಮಾತು ಕೇಳುತ್ತಿತ್ತು, ಲಾರಿ ಕೇಳುತ್ತಿತ್ತು. ಕುಕ್ಕರಿನ ಸೀಟಿ, ನನ್ನ ಕಾಲುಂಗುರ, ಕ್ಯಾಸೆಟ್ಟಿನ ಆ ಚೂಪು ಕೇಳುತ್ತಿರಲಿಲ್ಲ. ಇದು ಗೊತ್ತಿದ್ದದ್ದು ನಮ್ಮಿಬ್ಬರಿಗೇ.

"ಹೊರಗ ಒಂದ್ ಮಾತು ಬೀಳಬಾರದು ನೋಡು. ಕಂಪನಿಯವ್ರಿಗೆ ತಿಳಿದ್ರ ಗೇಟ್ ಕಾಯಾಕ ಹಾಕ್ತಾರ" ಎಂದಿದ್ದರು. ಆದರೆ ಅವರ ನಿಜವಾದ ಹೆದರಿಕೆ ಕಂಪನಿಯದಲ್ಲ, ಭಾನುವಾರದ್ದು.

ಭಾನುವಾರ ಇಬ್ಬರು ಬರುತ್ತಿದ್ದರು. ಒಬ್ಬರು ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟವರು. ನನ್ನ ತವರು ಕಂಪ್ಲಿ ಹತ್ತಿರದ ಹಳ್ಳಿಯಾದ್ದರಿಂದ ನನಗೆ "ತಂಗೆವ್ವ", ನಿಮ್ಮಜ್ಜನಿಗೆ "ಅಳಿಯಾರ" ಎನ್ನುತ್ತಿದ್ದರು. ಇನ್ನೊಬ್ಬರು ತುಂಗಭದ್ರೆಯ ಟಿ.ಬಿ. ಡ್ಯಾಂನ ಕಾಲುವೆ ಕಚೇರಿಯಲ್ಲಿದ್ದು ನಿವೃತ್ತರಾದ ಹಿರಿಯರು. ಇಬ್ಬರ ಮನೆಯಲ್ಲೂ ಇಂಥದೇ ಹಳೆಯ ಯಂತ್ರಗಳಿದ್ದವು. ಕೆಟ್ಟರೆ ಚೀಲದಲ್ಲಿ ಹಾಕಿಕೊಂಡು ಬರುವರು. ಎಲ್ಲೆಲ್ಲಿಯವರೋ ಅಂಚೆಯಲ್ಲಿ ಕ್ಯಾಸೆಟ್ಟು ಕಳಿಸುವರು, ಅವನ್ನು ಓದಿಸಿ, ಹೊಸದಕ್ಕೆ ಇಳಿಸಿ ವಾಪಸು ಕಳಿಸಬೇಕು. ಡ್ಯಾಂ ಹಿರಿಯರು ಹಂಪಿ ಬಜಾರಿನಲ್ಲಿ ಪರದೇಶದವರು ಮಾರಿಹೋದ ಟೇಪ್ ರೆಕಾರ್ಡರೊಂದನ್ನು ಹುಡುಕಿ ತಂದು ನಮ್ಮ ಮನೆಯಲ್ಲಿಟ್ಟಿದ್ದರು. ಅದರಷ್ಟು ಚೆನ್ನಾಗಿ ಓದುವುದು ಇನ್ನೊಂದಿರಲಿಲ್ಲ. ಅದರ ತಿರುಪು ತಿರುಗಿಸುವ ಹಕ್ಕು ನಿಮ್ಮಜ್ಜನಿಗೆ ಮಾತ್ರ. ಇಬ್ಬರೂ ಅವರನ್ನು ಡಾಕ್ಟರು ಎನ್ನುತ್ತಿದ್ದರು. ಗಣಿಯಲ್ಲಿ ಎಲ್ಲರಿಂದಲೂ "ಲೇ" ಎಂದು ಕೂಗಿಸಿಕೊಳ್ಳುವ ಮನುಷ್ಯನಿಗೆ ವಾರಕ್ಕೊಂದು ದಿನ ಆ ಹೆಸರು.

ನಾನು ಗಂಡಸರೆದುರು ಬರುವವಳಲ್ಲ. ಅಡುಗೆಮನೆಯ ಬಾಗಿಲಿಗೆ ಒಂದು ಪರದೆ, ಅದರ ಹಿಂದೆ ನಾನು. ಅದನ್ನೇ ನಿಮ್ಮಜ್ಜ ಉಪಯೋಗ ಮಾಡಿಕೊಂಡರು. ಕ್ಯಾಸೆಟ್ಟು ಕಿರಿಚಲು ಶುರುವಾದಾಗ ನಾನು ಪರದೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳಬೇಕು. ಅವರು ಸ್ಕ್ರೂಡ್ರೈವರ್ ತಿರುಗಿಸುತ್ತಾ ಓರೆಗಣ್ಣಿನಲ್ಲಿ ಪರದೆ ನೋಡುತ್ತಿರುವರು. ಸದ್ದು ಚೂಪಾದ ಕೂಡಲೇ ನಾನು ಬಿಟ್ಟುಬಿಡುತ್ತಿದ್ದೆ. ಬಟ್ಟೆ ಅಲುಗಿದರೆ ಅವರ ಕೈ ನಿಲ್ಲುತ್ತಿತ್ತು.

"ಏನ್ ಕಿವಿ ಅಳಿಯಾರ ನಿಮ್ದು! ಇರುವಿ ನಡದ್ರೂ ಕೇಳಿಸ್ತದೇನೋ" ಎಂದು ಕಂಪ್ಲಿಯವರು ತೊಡೆ ತಟ್ಟಿಕೊಳ್ಳುವರು. ಒಳಗೆ ನಾನು ಮಂಡಕ್ಕಿಗೆ ಒಗ್ಗರಣೆ ಹಾಕುತ್ತಾ ನಗುತ್ತಿದ್ದೆ. ಮೊದಮೊದಲು ಅದು ಆಟದಂತಿತ್ತು. ಆಮೇಲೆ ಅದೇ ನನ್ನನ್ನು ಕಟ್ಟಿಹಾಕಿದ ಗೂಟವಾಯಿತು.

ಮನೆಗಿದ್ದದ್ದು ಒಂದು ಕೋಣೆ ಮತ್ತು ಅಡುಗೆಮನೆ, ಅದೂ ಲಾರಿ ರಸ್ತೆಯ ಪಕ್ಕ. ಅದಿರಿಗೆ ಬೆಲೆ ಬಂದ ಕಾಲ. ಲಾರಿಯ ಬಾಲಕ್ಕೆ ಲಾರಿ. ಒಣಗಲು ಹಾಕಿದ ಬಿಳಿ ಪಂಚೆ ಸಂಜೆಗೆ ಕೆಂಪಾಗುತ್ತಿತ್ತು. ಆ ದೂಳು ಯಂತ್ರದೊಳಗೆ ಹೋಗದಿರಲೆಂದು ಅವರು ಕೋಣೆಯ ಕಿಟಕಿ ಮುಚ್ಚಿ, ಪ್ಲಾಸ್ಟಿಕ್ ಹಾಳೆ ಹೊಡೆದು, ಸಂದಿಗಳಿಗೆ ನನ್ನ ಹಳೆಯ ಸೀರೆಯ ಚೂರು ತುರುಕಿದ್ದರು. ಬೇಸಿಗೆಯಲ್ಲಿ ಫ್ಯಾನು ಇದ್ದ ಬಿಸಿಯನ್ನೇ ತಿರುವಿ ಹಾಕುತ್ತಿತ್ತು. ಮಗಳ ಮದುವೆಯಾಗಿತ್ತು, ಮಗ ಹೊಸಪೇಟೆಯ ಹಾಸ್ಟೆಲಿನಲ್ಲಿದ್ದ. ಹಗಲೆಲ್ಲ ಆ ಮುಚ್ಚಿದ ಕಿಟಕಿಯೊಂದಿಗೆ ನಾನೊಬ್ಬಳೇ. ಹೊರಗೆ ಯಾವ ಹೊತ್ತು ಎಂಬುದು ಲಾರಿಗಳ ಸದ್ದಿನಿಂದ ತಿಳಿಯಬೇಕಾಗಿತ್ತು.

ಒಂದು ಬೇಸಿಗೆಯಲ್ಲಿ ತವರಿನಿಂದ ತಮ್ಮನ ಫೋನು ಬಂತು. ಅವ್ವ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದಳು.

"ಅಕ್ಕಾ, ನಿನ್ನ ಹೆಸರ ಹಿಡದು ಕೂಗಾಕತ್ಯಾಳ. ಜಲ್ದಿ ಬಂದುಬಿಡು" ಎಂದ.

ನಾನು ಒಬ್ಬಳೇ ಬಸ್ಸು ಹತ್ತಿದವಳಲ್ಲ. ಸಂಡೂರಿಗೆ, ಅಲ್ಲಿಂದ ಹೊಸಪೇಟೆಗೆ, ಅಲ್ಲಿಂದ ಕಂಪ್ಲಿಗೆ. ಲಾರಿ ಸಾಲಿನಲ್ಲಿ ಬಸ್ಸು ಸಿಕ್ಕಿಕೊಂಡರೆ ಅರ್ಧ ದಿನ ದಾರಿಯಲ್ಲೇ. ನಿಮ್ಮಜ್ಜನಿಗೆ ರಜೆ ಇದ್ದದ್ದು ಭಾನುವಾರ ಒಂದೇ, ಕರೆದುಕೊಂಡು ಹೋಗಬೇಕೆಂದರೆ ಅಂದೇ ಆಗಬೇಕು.

"ಈ ಒಂದ್ ಐತಾರ ಮುಗೀಲಿ. ದೂರದವರ ಕ್ಯಾಸೆಟ್ ಬಂದಾವ, ಬೂಷ್ಟು ಹಿಡದಾವ. ತಡ ಮಾಡಿದ್ರ ಹೋಗಿಬಿಡ್ತಾವ" ಎಂದರು.

ಹೋಗಬೇಡ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಹೇಳಿದ್ದರೆ ನಾನು ಜಗಳವಾಡುತ್ತಿದ್ದೆನೇನೋ. ಆ ಭಾನುವಾರ ಮುಗಿಯಿತು, ಮುಂದಿನ ಭಾನುವಾರಕ್ಕೆ ಡ್ಯಾಂ ಹಿರಿಯರ ಕ್ಯಾಸೆಟ್ಟುಗಳು. ಅದರ ಮುಂದಿನದಕ್ಕೆ ಮತ್ತೇನೋ. ಮೂರು ಭಾನುವಾರ ನಾನು ಪರದೆ ಹಿಡಿದೆ, ಬಿಟ್ಟೆ. ಕಂಪ್ಲಿಯವರು ಪ್ರತಿ ಸಲವೂ "ತಂಗೆವ್ವ, ತವರಿಗೇನರ ಹೇಳೂದೈತೇನು?" ಎಂದು ಕೋಣೆಯಿಂದಲೇ ಕೇಳುವರು. "ಇಲ್ರಿ ಅಣ್ಣಾರ" ಎನ್ನುತ್ತಿದ್ದೆ. ಹೇಳಿದರೆ, ಹಾಗಾದರೆ ಯಾಕೆ ಹೋಗಿಲ್ಲ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಿದರೆ ಗಂಡನ ಕಿವಿಯ ಮಾತು ಹೊರಬೀಳುತ್ತದೆ. ಎತ್ತ ಹೊರಳಿದರೂ ಗೋಡೆ.

ನಾಲ್ಕನೆಯ ಭಾನುವಾರ ಬೆಳಿಗ್ಗೆ ತಮ್ಮ ಮತ್ತೆ ಫೋನು ಮಾಡಿದ. ಈ ಸಲ ಬಾ ಎನ್ನಲಿಲ್ಲ. "ಅವ್ವ ಈಗ ಕೂಗೂದು ಬಿಟ್ಟಾಳ" ಎಂದಷ್ಟೇ ಹೇಳಿ ಇಟ್ಟ.

ಅಂದು ಡ್ಯಾಂ ಹಿರಿಯರು ತಾವೇ ಬರೆದ ಪ್ರೋಗ್ರಾಮಿನ ಕ್ಯಾಸೆಟ್ಟು ತಂದಿದ್ದರು. ಚುಕ್ಕಿ ಇಟ್ಟು ರಂಗೋಲಿ ಬಿಡಿಸುವ ಪ್ರೋಗ್ರಾಮು, ವರ್ಷಗಟ್ಟಲೆ ತಿದ್ದಿದ್ದು. ಇದ್ದದ್ದು ಅದೊಂದೇ ಪ್ರತಿ. ಅವರ ಟೇಪ್ ರೆಕಾರ್ಡರು ಅದನ್ನು ಓದಲು ಒಲ್ಲೆ ಎಂದಿತ್ತು. ನಿಮ್ಮಜ್ಜ ಹಂಪಿಯ ರೆಕಾರ್ಡರಿಗೆ ಹಾಕಿದರು. ಕಿರಿಚಾಟ ಶುರುವಾಯಿತು. ನಾನು ಪರದೆ ಹಿಡಿದೆ.

ಮಂಕಾಗಿತ್ತು. ಅವರು ತಿರುಗಿಸಿದರು. ಇನ್ನಷ್ಟು ತಿರುಗಿಸಿದರು. ಸದ್ದು ಥಟ್ಟನೆ ಚೂಪಾಯಿತು, ಸೂಜಿಯ ಮೊನೆಯಂತೆ. ನಾನು ಬಿಡಲಿಲ್ಲ.

ಕೈ ಮರಗಟ್ಟಿತ್ತು, ಫೋನಿನ ಗುಂಗಿನಲ್ಲಿದ್ದೆ ಎಂದು ಆಮೇಲೆ ಎಲ್ಲರಿಗೂ ಹೇಳಿದ್ದೇನೆ. ನಿಮಗೆ ಸುಳ್ಳು ಹೇಳಲಾರೆ. ನನಗೆ ಚೆನ್ನಾಗಿ ಕೇಳಿಸಿತು. ತಿಳಿದೇ ಹಿಡಿದುಕೊಂಡಿದ್ದೆ.

ಸದ್ದು ಮತ್ತೆ ಮಂಕಾಯಿತು. ಅವರು ಪರದೆ ನೋಡುತ್ತಾ ತಿರುಗಿಸುತ್ತಲೇ ಇದ್ದರು.

"ಅಳಿಯಾರ, ದಾಟಿಹೋತಲ್ರಿ. ಆಗಲೇ ಚಲೋ ಇತ್ತು, ಎಲ್ಲಿಗೆ ಹೊಂಟೀರಿ?" ಎಂದರು ಕಂಪ್ಲಿಯವರು.

"ತಡೀರಿ, ಇನ್ನೂ ಬರಬೇಕು" ಎಂದರು ಇವರು. ತಿರುಪು ಕಳಚಿಕೊಂಡು ರೆಕಾರ್ಡರಿನೊಳಗೆ ಟಿಕ್ ಎಂದು ಬಿತ್ತು. ಅದೂ ಅವರಿಗೆ ಕೇಳಿಸಲಿಲ್ಲ. ಬರಿಯ ತೂತಿನಲ್ಲಿ ಸ್ಕ್ರೂಡ್ರೈವರ್ ತಿರುಗಿಸುತ್ತಿದ್ದರು.

ಡ್ಯಾಂ ಹಿರಿಯರು ಅವರ ಮುಖ ನೋಡಿದರು. ಕಣ್ಣು ಎಲ್ಲಿದೆ ಎಂದು ನೋಡಿ, ತಾವೂ ಪರದೆಯ ಕಡೆ ತಿರುಗಿದರು. ಬಾಗಿಲ ಅಂಚಿನಲ್ಲಿ ನನ್ನ ಮುಷ್ಟಿ ಕಾಣುತ್ತಿತ್ತು. ಕಂಪ್ಲಿಯವರೂ ನೋಡಿದರು. ಟೇಪು ಮಾತ್ರ ಕಿರಿಚುತ್ತಿತ್ತು.

ಹಿರಿಯರು ಬಾಗಿ ರೆಕಾರ್ಡರ್ ನಿಲ್ಲಿಸಿದರು. "ಎಷ್ಟ್ ದಿನದಿಂದಪ್ಪಾ?" ಎಂದರು ಮೆತ್ತಗೆ.

ನಿಮ್ಮಜ್ಜ ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಇಟ್ಟರು. ಒರೆಸಿ ಇಟ್ಟರು, ಅದು ನನಗೆ ನೆನಪಿದೆ. "ಮೊದಲಿಂದನೂರಿ. ನನಗ ಒಂದ್ ಸಲನೂ ಕೇಳಿಲ್ಲ. ಕೇಳಿದವಳು ಅಕಿ" ಎಂದರು.

ನಾನು ಹೊರಗೆ ಬಂದೆ. ಯಾಕೆ ಬಂದೆನೋ, ಕಾಲು ತಾವೇ ಬಂದವು. "ಅವ್ವ ಬಿದ್ದಾಳ್ರಿ. ತಿಂಗಳಾತು. ನಾ ಹೋಗಬೇಕು" ಎಂದೆ. ಯಾರ ಮುಖ ನೋಡಿ ಹೇಳಿದೆನೋ ತಿಳಿಯದು, ನೆಲ ನೋಡಿಯೇ ಹೇಳಿರಬೇಕು.

ಕಂಪ್ಲಿಯವರು ಎದ್ದು ನಿಂತರು. "ನಮ್ಮೂರ ಮಗಳು ಅಂತ ವಾರವಾರ ಬಂದು ಒಗ್ಗರಣಿ ತಿಂದು ಹೋಗ್ತೀನಿ. ಒಂದ್ ಮಾತ ಹೇಳಬಾರದೇನವ್ವಾ? ನಡಿ, ಜೀಪ್ ತಂದೀನಿ. ಸೀರಿ ಇಟ್ಗೋ, ನಡಿ."

ನಿಮ್ಮಜ್ಜ "ಹೋಗಿ ಬಾ" ಎಂದರು. ಬಾಗಿಲವರೆಗೂ ಬರಲಿಲ್ಲ.

ಅವ್ವನ ಹತ್ತಿರ ಒಂಬತ್ತು ದಿನ ಇದ್ದೆ. ಮೊದಲ ದಿನ ಗುರುತು ಹಿಡಿದಳು. "ಬಂದ್ಯೇನ? ಲಾರಿ ಬಿಡಲಿಲ್ಲೇನ?" ಎಂದು ಕೇಳಿದಳು. ಹೂಂ ಎಂದೆ. ಆಮೇಲೆ ನನ್ನನ್ನು ಯಾರೋ ನೆರೆಮನೆಯವಳು ಎಂದುಕೊಂಡು, ನನ್ನ ಮಗಳು ಬಂದರೆ ಹೇಳು ಎಂದು ನನಗೇ ಹೇಳುತ್ತಿದ್ದಳು. ಗದ್ದೆಯ ಕಡೆಯ ಕಿಟಕಿ ತೆರೆದೇ ಇರುತ್ತಿತ್ತು, ಭತ್ತದ ಗಾಳಿ ಒಳಗೆ ಬರುತ್ತಿತ್ತು. ಆ ಗಾಳಿಯಲ್ಲಿ ಕೂತು ನಾನು ಆ ಮೂರು ಭಾನುವಾರಗಳನ್ನು ಮತ್ತೆ ಮತ್ತೆ ಎಣಿಸಿದೆ. ಹತ್ತನೆಯ ದಿನ ಬೆಳಿಗ್ಗೆ ಅವ್ವ ಏಳಲಿಲ್ಲ.

ಕಾರ್ಯಕ್ಕೆ ನಿಮ್ಮಜ್ಜ ಬಂದು, ಮುಗಿಸಿಕೊಂಡು, ಕೆಲಸಕ್ಕೆಂದು ಮುಂದಾಗಿ ಹೋದರು. ನಾನು ನಾಲ್ಕು ದಿನ ಬಿಟ್ಟು ಹೊರಟೆ, ಒಬ್ಬಳೇ, ಮೂರು ಬಸ್ಸು ಬದಲಾಯಿಸಿ. ತಮ್ಮ ಬರುತ್ತೇನೆಂದರೂ ಬ್ಯಾಡ ಎಂದೆ. ಆಗ ಬಾರದ ಧೈರ್ಯ ಅವಳು ಹೋದ ಮೇಲೆ ಎಲ್ಲಿಂದ ಬಂತೋ.

ಮನೆಯ ಬೀಗ ತೆಗೆದಾಗ ಮೊದಲು ಕಂಡದ್ದು ಬೆಳಕು. ಕಿಟಕಿಯ ಮೊಳೆ ಕಿತ್ತು, ಪ್ಲಾಸ್ಟಿಕ್ ಹರಿದು, ಎರಡೂ ಬಾಗಿಲು ತೆರೆದಿದ್ದರು. ಅಡುಗೆಮನೆಯ ಬಾಗಿಲು ಬೋಳಾಗಿತ್ತು. ಪರದೆಯನ್ನು ಬಿಚ್ಚಿ ಮೂರು ಯಂತ್ರಗಳ ಮೇಲೆ ಹೊದಿಸಿದ್ದರು. ಅದರ ಮೇಲೆ ಬೆರಳು ಮುಳುಗುವಷ್ಟು ಕೆಂಪು ದೂಳು. ಹಂಪಿಯ ರೆಕಾರ್ಡರು ಮೂಲೆಯಲ್ಲಿ, ಮುಚ್ಚಳ ಬಿಚ್ಚಿಕೊಂಡು.

ಇಷ್ಟು ವರ್ಷ ನಾನು ಬಾಯಿಬಿಟ್ಟು ಕೇಳದೆ ಮನಸ್ಸಿನಲ್ಲೇ ಬೇಡಿದ್ದು ಅದೇ ತಾನೇ, ಆ ಕಿಟಕಿ ತೆರೆಯುವುದು. ಅದರೆದುರು ನಿಂತೆ. ಲಾರಿಗಳು ಹೋಗುತ್ತಿದ್ದವು. ಸ್ವಲ್ಪ ಹೊತ್ತು ಗಾಳಿ ಮುಖಕ್ಕೆ ಬಡಿಯಿತು, ಬಾಯೊಳಗೆ ಮಣ್ಣು ಕರಕರ ಎಂದಿತು. ಆಮೇಲೆ ನಾನೇ ಕಿಟಕಿ ಮುಚ್ಚಿದೆ. ಸಂದಿಗೆ ಬಟ್ಟೆ ತುರುಕಿದೆ. ಪರದೆಯನ್ನು ಹಿತ್ತಲಲ್ಲಿ ಕೊಡವಿ, ಯಂತ್ರಗಳ ಒಂದೊಂದೇ ಕೀಲಿಯ ಸಂದನ್ನು ಒರೆಸಿದೆ. ರೆಕಾರ್ಡರನ್ನು ಮಗುಚಿ ಮೆಲ್ಲಗೆ ತಟ್ಟಿದೆ. ತಿರುಪು ಅಂಗೈಗೆ ಬಿತ್ತು, ಅಕ್ಕಿಕಾಳಿನಷ್ಟಿತ್ತು.

ಪಾಳಿ ಮುಗಿಸಿ ಬಂದವರು ಬಾಗಿಲಲ್ಲೇ ನಿಂತು ಮುಚ್ಚಿದ ಕಿಟಕಿ ನೋಡಿದರು.

"ಯಾಕ ಮುಚ್ಚಿದಿ? ನಿನಗಂತ ತಗದಿದ್ದೆ" ಎಂದರು.

"ಹಿರಿಯಾರ ರಂಗೋಲಿ ಇನ್ನೂ ಓದ್ಸೂದು ಉಳಿದೈತಲ್ಲ" ಎಂದೆ. ತಿರುಪನ್ನು ಅವರ ಕೈಗೆ ಹಾಕಿದೆ. "ಇನ್ಮ್ಯಾಲೆ ಯಾರರ ಬಾ ಅಂದ್ರ ಅವತ್ತ ಹೋಗ್ತೀನಿ. ಐತಾರ ಇರ್ಲಿ, ಅಮಾಸಿ ಇರ್ಲಿ."

"ಹೂಂ" ಎಂದರು. ಆದರೆ ಬಾ ಎನ್ನುವವಳು ಹೋಗಿಬಿಟ್ಟಿದ್ದಳು. ಅದು ಇಬ್ಬರಿಗೂ ಗೊತ್ತಿತ್ತು.

ಮುಂದಿನ ಭಾನುವಾರ ಇಬ್ಬರೂ ಬಂದರು. ಪರದೆ ಕಟ್ಟಿರಲಿಲ್ಲ. ನಾನು ಗೋಡೆಯ ಕಡೆ ಮುಖ ಮಾಡಿ ಮಣೆಯ ಮೇಲೆ ಕೂತೆ. ನಿಮ್ಮಜ್ಜ ತಿರುಪನ್ನು ಮತ್ತೆ ಕೂರಿಸಿ ತಿರುಗಿಸಿದರು. ಚೂಪಾದ ಕಡೆ ನಾನು "ಸಾಕ್ರಿ" ಎಂದೆ. ಅವರ ಕೈ ನಿಂತಿತು. ಟಿ.ವಿ.ಯಲ್ಲಿ ಒಂದೊಂದಾಗಿ ಚುಕ್ಕಿ ಬಿದ್ದು, ರಂಗೋಲಿಯ ಗೆರೆಗಳು ಮೂಡತೊಡಗಿದವು. ಡ್ಯಾಂ ಹಿರಿಯರು ಕಣ್ಣೊರೆಸಿಕೊಂಡರು. ಕಂಪ್ಲಿಯವರು ಏನೋ ಹಾಸ್ಯ ಮಾಡಿದರು, ಯಾರೂ ನಗಲಿಲ್ಲ.

ಮುಚ್ಚಿದ ಕೋಣೆಯಲ್ಲಿ ಸೆಖೆ ಹಾಗೇ ಇತ್ತು. ನಾನು ಎದ್ದು ಒಗ್ಗರಣೆಗೆ ಎಣ್ಣೆ ಇಟ್ಟೆ.