ತುಂಗಮ್ಮನ ದಾಕ್ಷಿಣ್ಯ

ಭಂಡಿಗಡಿಯ ತುಂಗಮ್ಮನಿಗೆ ಯಾರಿಗೂ ಬೇಡ ಎನ್ನಲು ಬಾರದು. ಹುಡುಗನನ್ನು ತೋರಿಸಿದಾಗಲೂ "ಅಡ್ಡಿಲ್ಲ" ಅಂದವಳು, ಮಹಿಳಾ ಸಂಘದ ಅಧ್ಯಕ್ಷೆಯಾಗು ಅಂದಾಗಲೂ "ಅಡ್ಡಿಲ್ಲ" ಅಂದವಳು. ಗಂಡನ ವಿಷಯದಲ್ಲಿ ಬಚಾವಾದಳು. ಸಂಘದ ವಿಷಯದಲ್ಲಿ ಸಿಕ್ಕಿಬಿದ್ದಳು.

ಸಂಘದವರದು ಮಾವಿನ ಮಿಡಿ ಉಪ್ಪಿನಕಾಯಿ. ಮಿಡಿ ಕೊಳ್ಳಲು ವರ್ಷವರ್ಷ ಸಾಲ ಕೊಡುತ್ತಿದ್ದುದು ಹೊರದೇಶದ ಒಂದು ಸಂಸ್ಥೆ. ಹೋದ ವರ್ಷ ಆ ಸಂಸ್ಥೆಯ ಇಂಗ್ರಿಡ್ ಬಂದು, ಹೆಚ್ಚುವ ಮೆಷಿನ್ ಕೊಡಿಸಲೇ ಎಂದು ಕೇಳಿದ್ದಳು. ಮಿಡಿಯನ್ನು ಯಾರಾದರೂ ಹೆಚ್ಚುತ್ತಾರೆಯೇ? ಇಡಿಯಾಗಿ ಉಪ್ಪಿಗೆ ಹಾಕುವುದು. ಆದರೆ ಅಷ್ಟು ದೂರದಿಂದ ಬಂದವಳಿಗೆ ಮುಖ ಮುರಿದು ಹೇಳುವುದು ಹೇಗೆ? ತುಂಗಮ್ಮ ಹೂಂ ಅಂದುಬಿಟ್ಟಳು. ಮೆಷಿನ್ ಬಂತು, ಗೋಣಿಚೀಲ ಹೊದ್ದು ಮೂಲೆಯಲ್ಲಿ ಕೂತಿತು.

ಈಗ ಇಂಗ್ರಿಡ್ ಮತ್ತೆ ಬಂದಿದ್ದಾಳೆ, ಮೆಷಿನ್ ಓಡುವುದನ್ನು ನೋಡಲು. ಕೊಟ್ಟದ್ದನ್ನು ಬಳಸದೆ ಇಟ್ಟುಕೊಂಡವರಿಗೆ ಸಾಲವಿಲ್ಲ ಎಂಬುದು ಸಂಸ್ಥೆಯ ನಿಯಮ. ಸಾಲ ನಿಂತರೆ ಈ ಸಲದ ಮಿಡಿ ಕೈತಪ್ಪಿದಂತೆಯೇ. "ಊಟ ಆದ್ಮೇಲೆ ಒಂದು ಬುಟ್ಟಿ ಮಿಡಿ ಹೆಚ್ಚಿ ತೋರ್ಸಿಬಿಡಾಣ" ಎಂದು ಹೆಂಗಸರು ಪಿಸುಗುಟ್ಟಿಕೊಂಡರು. ಒಳ್ಳೇ ಮಿಡಿಯನ್ನು ಕೊಚ್ಚಲು ತುಂಗಮ್ಮನಿಗೆ ಮನಸ್ಸು ಬರಲಿಲ್ಲ.

ಊಟಕ್ಕೆ ಇಂಗ್ರಿಡ್ ಒಂದು ಮಿಡಿ ತಿಂದಳು. ಮೂಗು ಕೆಂಪಾಯಿತು, ಕಣ್ಣಲ್ಲಿ ನೀರು. "ಚೆನ್ನಾಗಿದೆ, ಚೆನ್ನಾಗಿದೆ" ಅಂದಳು; ಅವಳಿಗೆ ಬರುವ ಕನ್ನಡ ಅಷ್ಟೇ. ಇನ್ನೊಂದು ಬಡಿಸಿದರು. ಪುಣ್ಯಾತ್ಗಿತ್ತಿ ಅದನ್ನೂ ತಿಂದಳು! ಮೂರನೆಯದು ಬರುವಾಗ ಅವಳ ಮುಖ ನೋಡಿದ ತುಂಗಮ್ಮನಿಗೆ ಅಯ್ಯೋ ಅನ್ನಿಸಿತು. ಇದು ತನ್ನದೇ ಕಾಯಿಲೆ. ಬಡಿಸುವ ಕೈಯನ್ನು ತಡೆದು, ಈ ವರ್ಷವಷ್ಟೇ ಸಂಸ್ಥೆಗೆ ಸೇರಿ ಇಂಗ್ರಿಡ್‌ಗೆ ದುಭಾಷಿಯಾಗಿ ಬಂದಿದ್ದ ಚೇತನಾಳ ಕಡೆ ತಿರುಗಿದಳು.

"ಹೇಳು ಮಾರಾಯ್ತಿ ಅವ್ರಿಗೆ. ಖಾರ ಆದ್ರೆ ಬಿಡ್ಲಿ, ನಮ್ಗೆಂತ ಬೇಜಾರಿಲ್ಲ. ಹಂಗೇ ಆ ಮೆಷಿನ್ನೂ ನಮ್ಗೆ ಬ್ಯಾಡ. ನಾವು ಮಿಡಿ ಹೆಚ್ಚೂದಿಲ್ಲ. ಅವತ್ತು ದಾಕ್ಷಿಣ್ಯಕ್ಕೆ ಹೂಂ ಅಂದೆ, ತಪ್ಪು ನಂದು."

ಚೇತನಾ ಅದನ್ನೆಲ್ಲ ಇಂಗ್ರಿಡ್‌ಗೆ ತಿಳಿಸಿದಳು. ಇಂಗ್ರಿಡ್ ಒಂದು ಲೋಟ ಮಜ್ಜಿಗೆ ಗಟಗಟನೆ ಕುಡಿದು, ಏನೋ ಹೇಳಿ ನಗತೊಡಗಿದಳು.

"ಹೋದ ವರ್ಷನೂ ಇದನ್ನ ತಿಂದು ಹೊಟ್ಟೆ ಕೆಟ್ಟು ಮಲಗಿದ್ರಂತೆ," ಚೇತನಾಳಿಗೂ ನಗು. "ನಿಮಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲಂತೆ. ಮೆಷಿನ್ನ ನರಸಿಂಹರಾಜಪುರದಲ್ಲಿ ಬಾಳೆಕಾಯಿ ಚಿಪ್ಸ್ ಮಾಡೋರಿಗೆ ಕೊಡ್ತಾರಂತೆ. ಬಳಸೋರ ಕೈಗೆ ಹೋದ್ರೆ ಆಯ್ತು, ನಿಮ್ಮ ಸಾಲಕ್ಕೇನೂ ತೊಂದ್ರೆ ಇಲ್ಲ ತುಂಗಕ್ಕ."

ತುಂಗಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ವರ್ಷವಿಡೀ ಆ ಮೂಲೆಯ ಕಡೆ ನೋಡದೆ ಓಡಾಡಿದ್ದಳು. ಸಂಜೆ ಮೆಷಿನ್ನನ್ನು ಜೀಪಿಗೆ ಹತ್ತಿಸುವಾಗ, "ನೀವು ಬಿಡಿ ಅಕ್ಕಾ, ಭಾರ ಇದೆ" ಎಂದು ಚೇತನಾ ಅಂದರೂ ಕೇಳದೆ, ಸೆರಗು ಸಿಕ್ಕಿಸಿಕೊಂಡು ಒಂದು ಕಡೆ ತಾನೇ ಎತ್ತಿದಳು.