ಕೆಮ್ಮಣ್ಣಿನ ಅಡಿಯ ಗಾಯ

“ಹೆಂಡತಿ ಕೊಟ್ಟ ಕಿಡ್ನಿ ಒಗ್ಗಲಿಲ್ಲ, ಅದರ ನಂಜು ಕಾಲಿಗಿಳಿದು ಸತ್ತ.” ನನ್ನ ತಮ್ಮನ ಸಾವನ್ನು ನಮ್ಮೂರು ಭಾತಂಬ್ರಾದಲ್ಲಿ ಇಂದಿಗೂ ಹೀಗೆಯೇ ಹೇಳುತ್ತಾರೆ. ಹೇಳುವವರಲ್ಲಿ ಹೆಚ್ಚಿನವರು ಅವನು ಸತ್ತ ವರ್ಷದ ಬರಗಾಲದಲ್ಲಿ ಊರಲ್ಲಿರಲಿಲ್ಲ. ಕೂಲಿಗೆಂದು ಹೈದರಾಬಾದಿಗೂ ಪುಣೆಗೂ ಹೋಗಿದ್ದರು. ಮರಳಿದ ಮೇಲೆ ಕೇಳಿದ್ದನ್ನೇ ಕಂಡದ್ದೆಂದು ನಂಬಿಕೊಂಡರು. ತಮ್ಮನ ಹೆಂಡತಿ ಈಗ ಔರಾದಿನ ತವರಿನಲ್ಲಿದ್ದಾಳೆ. ಅವಳ ಮಗಳನ್ನು ಮದುವೆಗೆಂದು ನೋಡಲು ಬಂದವರ ಕಿವಿಗೆ ಈ ಮಾತು ಬೀಳುತ್ತದೆ, ತಾಯಿಯ ದೋಷ ಮಗಳಿಗೂ ಇದ್ದೀತೆಂದು ಮತ್ತೆ ಬರುವುದಿಲ್ಲ.

ನಾನು ಕಂಡದ್ದು ಬೇರೆ. ಹಲವು ವರ್ಷ ಡಯಾಲಿಸಿಸ್ ಮಾಡಿಸಿಕೊಂಡಿದ್ದ ತಮ್ಮ, ಕಿಡ್ನಿ ಕಸಿಯಾದ ಮೇಲೆ ಚೇತರಿಸಿಕೊಂಡಿದ್ದ. ಆ ಬೇಸಿಗೆಯಲ್ಲಿ ಅವನ ತೊಡೆಯ ಮೇಲೆ ಬಲೆಯಂಥ ನೇರಳೆ ಗೆರೆಗಳು ಮೂಡಿದವು. ಧೋತರದ ಅಂಚು ತಾಗಿದರೂ ನರಳುತ್ತಿದ್ದ.

“ಸರ್ಪಸುತ್ತು ಅದ. ಹೆಡಿ ಬಾಲ ಕೂಡಿದ್ರ ಜೀವಾನೇ ಹೋಗ್ತದ, ಕೆಮ್ಮಣ್ಣು ಹಚ್ಚಬೇಕು” ಎಂದಳು ಅವ್ವ.

“ಅತ್ತಿ, ಮೊದಲ ಡಾಕ್ಟರಿಗೆ ತೋರಸೂನ್ರಿ” ಎಂದಳು ಸೊಸೆ.

“ಕಿಡ್ನಿ ಕೊಟ್ಟೀನಂತ ನನ್ನ ಮಗನ್ನೇ ಕೊಂಡ್ಕೊಂಡೀಯೇನು?”

“ಹಚ್ರಿ, ಗ್ವಾಡಿ ಸಾರಿಸಿದಂಗ ನನಗೂ ಸಾರಸ್ರಿ” ಎಂದು ತಮ್ಮ ನಗಲು ನೋಡಿದ.

ಹಚ್ಚಿದ್ದು ಒಣಗಿ ಬಿಗಿಯಿತು. ಅದರಡಿ ಚರ್ಮ ಕಪ್ಪಾಗುತ್ತಿದ್ದುದು ನಮಗೆ ಕಾಣಲಿಲ್ಲ. ಕೊನೆಗೆ ಒಯ್ದ ಬೀದರಿನ ಆಸ್ಪತ್ರೆಯಲ್ಲಿ ಆ ಮಣ್ಣನ್ನು ತೊಳೆಯುವಾಗ ಅವನು ಕೂಗಿದ. ಅವ್ವ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು.

ಚರ್ಮದ ತುಣುಕನ್ನು ಪರೀಕ್ಷೆಗೆ ಕಳಿಸಿ ವೈದ್ಯರು ಹೇಳಿದ್ದಿಷ್ಟು: ಹಳೆಯ ಕಿಡ್ನಿ ಕೆಟ್ಟಿದ್ದ ವರ್ಷಗಳಲ್ಲಿ ರಕ್ತದ ಸುಣ್ಣದಂಶವನ್ನು ಹದದಲ್ಲಿಡುವ, ಕತ್ತಿನೊಳಗಿನ ಪುಟ್ಟ ಗ್ರಂಥಿಗಳು ಹದ ತಪ್ಪಿದ್ದವು, ಕಸಿಯಾದ ಮೇಲೂ ಹದಕ್ಕೆ ಬರಲಿಲ್ಲ. ಚರ್ಮದ ಸಣ್ಣ ರಕ್ತನಾಳಗಳಲ್ಲಿ ಸುಣ್ಣದಂಶ ಕಟ್ಟಿಕೊಂಡು ರಕ್ತ ಹರಿಯದಾಗಿದೆ. ಅಪರೂಪದ ರೋಗ. ನಂತರ ನಿಘಂಟು ಮುಂದಿಟ್ಟುಕೊಂಡು ಆ ರೋಗದ ಬಗ್ಗೆ ನಾನೂ ಓದಿದೆ. ಅವರ ಮಾತಿಗೆ ವಿರುದ್ಧವಾದದ್ದು ನನಗೆ ಸಿಗಲಿಲ್ಲ. ಗಾಯಕ್ಕೆ ಸೋಂಕು ತಗುಲಿ ತಮ್ಮ ತೀರಿಕೊಂಡ. ಬೇಗ ಬಂದಿದ್ದರೆ ಉಳಿಯುತ್ತಿದ್ದನೇ ಎಂದು ಕೇಳಿದಾಗ ವೈದ್ಯರು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಅವ್ವನನ್ನು ದೂರಲು ಇದನ್ನು ಬರೆಯುತ್ತಿಲ್ಲ.

ಅವನ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದ ನರ್ಸಮ್ಮ ನಿವೃತ್ತರಾಗಿ ಬೀದರಿನ ಹಳೆಯ ಪೇಟೆಯಲ್ಲಿದ್ದಾರೆ. ನಿತ್ಯ ಮೂತ್ರ ಅಳೆದು ತಮ್ಮನ ಹೆಂಡತಿಗೆ, “ನೀ ಕೊಟ್ಟ ಕಿಡ್ನಿ ಛಂದ ನಡದದ, ಬೇಟಿ” ಎನ್ನುತ್ತಿದ್ದವರು ಅವರೇ. ಹೆಣ್ಣು ನೋಡಲು ಹೊರಟವರು ಔರಾದಿನ ಬಸ್ಸು ಹತ್ತುವ ಮೊದಲು ಅವರ ಮನೆಗೆ ಹೋಗಿ ಕೇಳಲಿ.