ಸಾಗರದಾಚೆಗೆ ಹೋದ ಹೊಸನಗರ

ಅವತ್ತು ಆಕೆಯ ಮೇಲೆ ದನಿ ಏರಿಸಿದೆನೋ ಇಲ್ಲವೋ, ನನಗೆ ಖಚಿತವಿಲ್ಲ. ಕೇಳಿದರೆ ಆಕೆ ‘ಬಿಡಿ ಸರ್’ ಅನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ.

ಸಾಗರದಲ್ಲಿ ನಮ್ಮದು ನಾಲ್ಕು ಮೇಜಿನ ಆಫೀಸು. ಖಾಸಗಿ ಬಸ್ಸುಗಳ ವೇಳೆ ತೋರಿಸುವ ಆ್ಯಪ್ ಮಾಡುತ್ತಿದ್ದೆವು. ಕಂಡಕ್ಟರುಗಳನ್ನು ಕೇಳಿ ನಿಲ್ದಾಣಗಳ ಪಟ್ಟಿ ತುಂಬಿಸುವುದು ಹೊಸದಾಗಿ ಸೇರಿದ್ದ ಆಕೆಯ ಕೆಲಸ; ಕೆಲಸ ಕಾಯಂ ಆಗಲು ಇನ್ನೊಂದೇ ವಾರವಿತ್ತು. ಫೈಲುಗಳೆಲ್ಲ ಬದಲಾವಣೆಗಳ ಲೆಕ್ಕವಿಡುವ ತಂತ್ರಾಂಶವಾದ ಗಿಟ್‌ನಲ್ಲಿದ್ದವು. ಯಾರು ಏನು ಬದಲಿಸಿ ಕಮಿಟ್ ಮಾಡಿದರೂ, ಅಂದರೆ ಉಳಿಸಿದರೂ, ಅವರ ಹೆಸರಿನಲ್ಲೇ ದಾಖಲಾಗುತ್ತಿತ್ತು. ಕಮಿಟ್ ಆಗುವ ಮುಂಚೆ ತಾನಾಗಿ ಓಡುವ ಒಂದು ಹುಕ್, ಅಂದರೆ ಪುಟ್ಟ ಪ್ರೋಗ್ರಾಮು, ನಾನು ಬರೆದಿಟ್ಟಿದ್ದೆ. ಊರುಗಳ ಪಟ್ಟಿ ಕಂಡರೆ ಅದು ಅಕಾರಾದಿಯಾಗಿ ಜೋಡಿಸಿಬಿಡುತ್ತಿತ್ತು. ಊರು ಹುಡುಕುವವರಿಗೆ ಅನುಕೂಲವಾಗಲಿ ಎಂದು ಮಾಡಿದ್ದು. ಬಸ್ಸಿನ ದಾರಿಯೂ ಊರುಗಳ ಪಟ್ಟಿಯೇ ಎಂಬುದು ನನಗೆ ಹೊಳೆದಿರಲಿಲ್ಲ.

ತೀರ್ಥಹಳ್ಳಿಯ ಬಸ್ ಮಾಲೀಕರೊಬ್ಬರು ಫೋನ್ ಮಾಡಿದರು. “ನಿಮ್ ಆ್ಯಪ್ ನೋಡಿದ್ರೆ ನನ್ ಬಸ್ಸು ಸಾಗರ ಮುಟ್ಟಿ ಆಮೇಲೆ ಹೊಸನಗರಕ್ಕೆ ಹೋಗುತ್ತಂತಲ್ಲ. ಡ್ರೈವರಿಗೂ ಒಂದ್ ಮಾತು ಹೇಳಿಬಿಡಿ ಮಾರಾಯ್ರೆ.”

ನಮ್ಮ ಆಫೀಸಿನ ಯಜಮಾನರು ಇದು ಯಾರ ಕೆಲಸವೆಂದು ಕೇಳಿದರು. ದಾಖಲೆ ತೆಗೆದೆ, ಆಕೆಯ ಹೆಸರಿತ್ತು. ನೆನಪಿಗಿಂತ ದಾಖಲೆಯನ್ನು ನಂಬು ಎಂದು ಯೂನಿವರ್ಸಿಟಿಯಲ್ಲಿ ಕಲಿತವನು ನಾನು. ಇಂಥವರನ್ನು ಮುಂದುವರಿಸುವುದು ಬೇಡ ಅಂದರು ಯಜಮಾನರು. ಅದನ್ನು ತಿಳಿಸುವುದು ನನ್ನ ಪಾಲಿಗೆ ಬಂತು.

ಆಕೆ ಅಳಲಿಲ್ಲ. “ನಾನು ದಿನಾ ಹೊಸನಗರದಲ್ಲಿ ಅದೇ ಬಸ್ ಹತ್ತಿ ಇಲ್ಲಿಗೆ ಬರೋಳು ಸರ್. ಸಾಗರ ಆದ್ಮೇಲೆ ಹೊಸನಗರ ಅಂತ ನಾನು ಬರೀತೀನಾ?”

ನನ್ನ ಮೇಜಿನ ಮುಂದೆಯೇ ಕೂತು ಟೈಪ್ ಮಾಡಿದರು: ತೀರ್ಥಹಳ್ಳಿ, ಹೊಸನಗರ, ಬಟ್ಟೆಮಲ್ಲಪ್ಪ, ಸಾಗರ. ಕಮಿಟ್ ಮಾಡಿ ಫೈಲನ್ನು ಮತ್ತೆ ತೆರೆದರು. ಹೊಸನಗರ ಕೊನೆಗೆ ಹೋಗಿತ್ತು. ಬದಲಿಸಿದ್ದು ನನ್ನ ಹುಕ್, ದಾಖಲಾದದ್ದು ಆಕೆಯ ಹೆಸರು. ಆಮೇಲೆ ಆಕೆ ಏನಂದರೋ ನನಗೆ ನೆನಪಿಲ್ಲ.

ತಪ್ಪು ನನ್ನದು, ಅವರನ್ನು ಉಳಿಸಿಕೊಳ್ಳಿ ಎಂದು ಯಜಮಾನರಿಗೆ ಮೇಲ್ ಬರೆದೆ. ಅವರೂ ಒಪ್ಪಿದರು, ಆಕೆ ಈಗಲೂ ನಮ್ಮಲ್ಲಿದ್ದಾರೆ. ಮೇಲನ್ನು ಆ ಕ್ಷಣವೇ ಕಳಿಸಿದೆ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ, ನಂಬಿಯೂ ಇದ್ದೆ.

ಮೊನ್ನೆ ಆ ಕಮಿಟ್, ಮೇಲ್ ಎರಡರ ವೇಳೆಯನ್ನೂ ತೆಗೆದು ನೋಡಿದೆ. ಆಕೆ ತೋರಿಸಿಕೊಟ್ಟ ಕಮಿಟ್ ಬೆಳಿಗ್ಗೆ ಹನ್ನೊಂದು ಗಂಟೆಯದು. ನನ್ನ ಮೇಲ್ ಹೋಗಿದ್ದು ಅದೇ ದಿನ ಮಧ್ಯಾಹ್ನ ಮೂರೂವರೆಗೆ.